ಕೂಲಿ ಎಂಬುದು ಕಸುಬಲ್ಲ

ದಾವಣಗೆರೆ ಜಿಲ್ಲೆಯ ನಮ್ಮ ಕತ್ತಲಗೆರೆಯ ಸುತ್ತಮುತ್ತ ದಮ್ಮು ಕಟ್ಟಿದ ಗಂಡಸಿಗೆ ಎರಡೇ ಹೆಸರು. ಬೀಡಿ ಸೇದುವವನಾದರೆ ‘ಬೀಡಿ ತಿಂದ ಎದೆ’. ಸೇದದವನಾದರೆ ‘ಟಿಬಿ ಇದ್ದೀತು, ಚನ್ನಗಿರಿಗೆ ಹೋಗಿ ಕಫ ಕೊಟ್ಟು ಬಾ’. ಇವೆರಡನ್ನು ಬಿಟ್ಟು ಮೂರನೆಯ ಕಾರಣವೊಂದು ಇರಬಹುದು ಎಂದು ಮನೆಯವರಿಗೆ ಹೊಳೆಯದಿದ್ದರೆ ಕ್ಷಮಿಸಬಹುದು. ಆಸ್ಪತ್ರೆಗೂ ಹೊಳೆಯದಿದ್ದರೆ ಕ್ಷಮಿಸಲಾಗದು.

ನನ್ನ ಸೋದರಮಾವ ಇಪ್ಪತ್ತೆಂಟು ವರ್ಷ ಮಾಡುಗಳಿಗೆ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಶೀಟು ಹೊದಿಸಿದವರು. ಅಡಿಕೆ ಬೇಯಿಸುವ ಶೆಡ್ಡು, ದನದ ಕೊಟ್ಟಿಗೆ, ಕೋಳಿ ಫಾರಂ, ರೈಸ್‌ಮಿಲ್ಲು, ಶಾಲೆಯ ಅಡುಗೆ ಕೋಣೆ ಹೀಗೆ ಬಸವಾಪಟ್ಟಣದಿಂದ ಸಂತೇಬೆನ್ನೂರಿನವರೆಗೆ ಅವರು ಹತ್ತದ ಮಾಡು ಕಡಿಮೆ. ಮೊದಮೊದಲು ಗರಗಸದಲ್ಲಿ ಕೊಯ್ಯುತ್ತಿದ್ದರು. ಆಮೇಲೆ ಕಟಿಂಗ್ ಮಷಿನ್ ಬಂತು. ಕೆಲಸ ಬೇಗ ಮುಗಿಯತೊಡಗಿತು, ದೂಳು ಮೋಡವಾಗಿ ಏಳತೊಡಗಿತು. ಸಂಜೆ ಮನೆಗೆ ಬಂದಾಗ ರೆಪ್ಪೆ, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಅತ್ತೆ ಆ ಅಂಗಿಯನ್ನು ಅಂಗಳದಲ್ಲಿ ಪಟಪಟನೆ ಕೊಡವಿ ಭದ್ರಾ ಕಾಲುವೆಗೆ ಒಯ್ದು ಒಗೆಯುತ್ತಿದ್ದರು. ಐವತ್ತೈದು ದಾಟುವ ಹೊತ್ತಿಗೆ ಮಾವನಿಗೆ ಏಣಿಯ ನಾಲ್ಕನೇ ಮೆಟ್ಟಿಲಿಗೇ ಏದುಸಿರು. ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ಆದರೂ ಎಕ್ಸ್‌ರೇಯಲ್ಲಿ ‘ಏನೋ ನೆರಳು’ ಇದೆಯೆಂದು ಒಂದು ಆಸ್ಪತ್ರೆಯಲ್ಲಿ ಆರು ತಿಂಗಳು ಟಿಬಿ ಮಾತ್ರೆ ಕೊಟ್ಟರು. ವಾಸಿಯಾಗಲಿಲ್ಲವೆಂದು ಎರಡನೇ ಸಲವೂ ಕೊಟ್ಟರು. ಊಟ ಸೇರದೆ, ಕಣ್ಣು ಹಳದಿಯಾಗಿ, ಕೊನೆಗೆ ಅವರೇ ನಿಲ್ಲಿಸಿದರು. ಅವರು ತೀರಿಕೊಂಡ ಮೇಲೆ ಆಸ್ಪತ್ರೆಯ ಚೀಟಿಗಳನ್ನೆಲ್ಲ ಹರವಿಕೊಂಡು ಕೂತೆ. ಉದ್ಯೋಗ ಎಂಬಲ್ಲಿ ಎಲ್ಲ ಚೀಟಿಯಲ್ಲೂ ಒಂದೇ ಪದ ಇತ್ತು. ಕೂಲಿ.

ಮಾವನಿಗೆ ಕಲ್ನಾರಿನ ರೋಗವೇ ಇತ್ತು ಎಂದು ನಾನು ಹೇಳುವುದಿಲ್ಲ. ಹೌದು ಎನ್ನುವುದಕ್ಕಾಗಲಿ ಅಲ್ಲ ಎನ್ನುವುದಕ್ಕಾಗಲಿ ಏನು ಮಾಡಬೇಕಿತ್ತೋ ಅದನ್ನು ಯಾರೂ ಮಾಡಲಿಲ್ಲ. ನನ್ನ ತಕರಾರು ಇಷ್ಟೇ. ಇಷ್ಟೇ ಎಂದೆನಾದರೂ ಇದು ಸಣ್ಣದಲ್ಲ. ಯಾಕೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಿ ಕೇಳಿದರೂ ವೈದ್ಯರು, ಅಧಿಕಾರಿಗಳು, ಗುತ್ತಿಗೆದಾರರು ಒಂದೇ ಮಾತು ಹೇಳುತ್ತಾರೆ: ‘ಕಲ್ನಾರಿನ ರೋಗ ನಮ್ಮ ಕಡೆ ಇಲ್ಲ ಬಿಡಿ. ಇದ್ದಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗುತ್ತಿರಲಿಲ್ಲವೇ?’ ಸುಳ್ಳು ಹೇಳಬೇಕೆಂದು ಯಾರೂ ಹಾಗೆ ಹೇಳುವುದಿಲ್ಲ. ನಂಬಿಯೇ ಹೇಳುತ್ತಾರೆ. ಆ ನಂಬಿಕೆಯೇ ನನ್ನ ಎದುರಾಳಿ.

ಗೊತ್ತಾಗುತ್ತಿರಲಿಲ್ಲ. ಹುಡುಕದ ಹೊರತು ಗೊತ್ತಾಗದ ರೋಗ ಇದು. ಕನ್ನಡದಲ್ಲಿ ಆಸ್ಬೆಸ್ಟಾಸಿಗೆ ಕಲ್ನಾರು ಎಂಬ ಹೆಸರಿದೆ, ತುಂಬ ಸರಿಯಾದ ಹೆಸರು. ಕಲ್ಲೇ ನಾರಾಗಿ ಸೀಳುವ ಖನಿಜ ಅದು. ಸೀಳಿದ ಎಳೆ ಮತ್ತೆ ಸೀಳುತ್ತದೆ, ಕಣ್ಣಿಗೆ ಕಾಣದಷ್ಟು ಸಪೂರವಾಗಿ ಉಸಿರಿನ ಜೊತೆ ಪುಪ್ಪುಸದ ತಳ ಸೇರುತ್ತದೆ. ಮೈ ಅದನ್ನು ಕರಗಿಸಲಾರದು, ಹೊರಹಾಕಲೂ ತಿಣುಕುತ್ತದೆ. ಎಳೆಯ ಸುತ್ತ ಗಾಯದ ಕಲೆ ಬೆಳೆಯುತ್ತ ಸ್ಪಂಜಿನಂತಿದ್ದ ಪುಪ್ಪುಸ ಗಡುಸಾಗುತ್ತ ಬರುತ್ತದೆ. ದೂಳು ಕುಡಿದ ಮೇಲೆ ರೋಗ ಮುಖ ತೋರಿಸಲು ಹದಿನೈದು ಇಪ್ಪತ್ತು ವರ್ಷ ಬೇಕು. ಪುಪ್ಪುಸದ ಪೊರೆಯಲ್ಲಿ ಹುಟ್ಟುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿಗೆ ಮೂವತ್ತು ನಲವತ್ತು ವರ್ಷ. ಅಷ್ಟರಲ್ಲಿ ಆತ ಕೆಲಸ ಬಿಟ್ಟಿರುತ್ತಾನೆ, ಗುತ್ತಿಗೆದಾರ ಬದಲಾಗಿರುತ್ತಾನೆ, ಆ ಶೆಡ್ಡೇ ಬಿದ್ದು ಆರ್‌ಸಿಸಿ ಎದ್ದಿರುತ್ತದೆ. ಹಾವು ಕಚ್ಚಿದರೆ ಹಾವು ಅಲ್ಲೇ ಇರುತ್ತದೆ. ಇಲ್ಲಿ ಕಚ್ಚಿದ್ದು ಇಸವಿ 1990ರಲ್ಲಿ, ವಿಷ ಏರುವುದು 2015ರಲ್ಲಿ.

‘ಕೇಸೇ ಇಲ್ಲ’ ಎನ್ನುವವರಿಗೆ ನಮ್ಮದೇ ರಾಜ್ಯದ ಕೋಲಾರವನ್ನು ನೆನಪಿಸುತ್ತೇನೆ. 1880ರ ದಶಕದಿಂದ ಅಲ್ಲಿ ಚಿನ್ನದ ಗಣಿ ನಡೆದಿತ್ತು. ಬಂಡೆ ಕೊರೆದವರು ಕೆಮ್ಮಿ ಕೆಮ್ಮಿ ಸತ್ತರು. ಆದರೆ ಭಾರತದಲ್ಲಿ ಸಿಲಿಕೋಸಿಸ್ ಎಂಬ ರೋಗ ಇದೆ ಎಂದು ಕೋಲಾರದಿಂದ ಜಗತ್ತಿಗೆ ವರದಿಯಾದದ್ದು 1940ರ ದಶಕದಲ್ಲಿ, ಸಾವಿರಾರು ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆದ ಮೇಲೆ. ಹಾಗಾದರೆ ಅದಕ್ಕೆ ಹಿಂದಿನ ಅರವತ್ತು ವರ್ಷ ಕೋಲಾರದಲ್ಲಿ ಸಿಲಿಕೋಸಿಸ್ ಇರಲಿಲ್ಲವೇ? ಇತ್ತು, ಬೇರೆ ಹೆಸರಿನಲ್ಲಿ ಹೂತುಹೋಗಿತ್ತು. ಈಚಿನ ಮಾತು ಬೇಕೆಂದರೆ ರಾಜಸ್ಥಾನ ನೋಡಿ. ಅಲ್ಲಿನ ಕಲ್ಲು ಗಣಿಗಳ ಊರುಗಳಲ್ಲಿ ತಪಾಸಣೆಗೆ ಮಂಡಳಿಗಳನ್ನು ಕೂರಿಸಿ, ಪತ್ತೆಯಾದವರಿಗೆ ಪರಿಹಾರ ಕೊಡುವ ಏರ್ಪಾಡು ಮಾಡಿದರು. 2019ರಲ್ಲಿ ದೂಳಿನ ಪುಪ್ಪುಸ ರೋಗಗಳಿಗೆಂದೇ ರಾಜ್ಯ ನೀತಿ ಬಂತು. ಅಲ್ಲಿಯವರೆಗೆ ‘ಟಿಬಿ’ಯಾಗಿದ್ದ ಜನ ಸಾವಿರಗಟ್ಟಲೆ ಸಿಲಿಕೋಸಿಸ್ ರೋಗಿಗಳೆಂದು ಎದ್ದು ಕಂಡರು. ರಾತ್ರೋರಾತ್ರಿ ರೋಗ ಹುಟ್ಟಲಿಲ್ಲ, ಲೆಕ್ಕದ ಪುಸ್ತಕ ಹುಟ್ಟಿತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಆ ಪುಸ್ತಕದ ಮೊದಲ ಪುಟವೇ ತೆರೆದಿಲ್ಲ. ಖಾಲಿ ಪುಟ ತೋರಿಸಿ ಊರು ಆರೋಗ್ಯವಾಗಿದೆ ಎನ್ನುವುದು ಯಾವ ನ್ಯಾಯ?

ಟಿಬಿಯ ಮಾತಿಗೆ ಬರುತ್ತೇನೆ. ಕ್ಷಯ ನಮ್ಮಲ್ಲಿ ದೊಡ್ಡ ರೋಗ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ನೋಡುವುದೇ ಸರಿ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಾನು ಕೇಳುವುದು ರೋಗಾಣು ಸಿಗದೇ ಇದ್ದಾಗ, ಮಾತ್ರೆ ನುಂಗಿಯೂ ಎದೆ ಹಗುರಾಗದೇ ಇದ್ದಾಗ ಏನು ಮಾಡುತ್ತೀರಿ ಎಂದು. ಮತ್ತೆ ಅದೇ ಮಾತ್ರೆ ಬರೆಯುವುದು ನಮ್ಮಲ್ಲಿನ ರೂಢಿ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಕ್ಷಯದ ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ಸ್ಲೆಗ್ಸ್ ಎಂಬ ವೈದ್ಯರು ಹಾಗೆ ಮಾಡಲಿಲ್ಲ. ಪುಪ್ಪುಸದ ಪೊರೆಗೆ ಟಿಬಿ ತಗುಲಿದೆ ಎಂದು ದಾಖಲಾದ ರೋಗಿಗಳಲ್ಲಿ ಊರಿನ ಪೂರ್ವದಿಂದ ಬಂದವರು ಔಷಧಿಗೆ ಗುಣವಾಗುತ್ತಿದ್ದರು, ಪಶ್ಚಿಮದಿಂದ ಬಂದವರು ಆಗುತ್ತಿರಲಿಲ್ಲ. ಸ್ಲೆಗ್ಸ್ ಇದನ್ನು ಗಮನಿಸಿದರು. ಪಶ್ಚಿಮದಲ್ಲಿ ಏನಿದೆ? ನೀಲಿ ಕಲ್ನಾರಿನ ಗಣಿಗಳಿದ್ದವು. ಈ ಗಮನದ ಎಳೆ ಹಿಡಿದು ವ್ಯಾಗ್ನರ್ ಎಂಬ ರೋಗಶಾಸ್ತ್ರಜ್ಞರು ಸ್ಲೆಗ್ಸ್ ಮತ್ತು ಮಾರ್ಶಾಂಡ್ ಜೊತೆ 1960ರಲ್ಲಿ 33 ಮೆಸೊಥೆಲಿಯೋಮಾ ರೋಗಿಗಳ ವರದಿ ಪ್ರಕಟಿಸಿದರು. ಅವರಲ್ಲಿ ಎಲ್ಲರೂ ಗಣಿ ಕೆಲಸದವರಲ್ಲ, ಚಿಕ್ಕಂದಿನಲ್ಲಿ ಗಣಿಯ ಹತ್ತಿರ ಬೆಳೆದವರೂ ಇದ್ದರು. ಕಲ್ನಾರಿಗೂ ಆ ಕ್ಯಾನ್ಸರಿಗೂ ಇರುವ ನಂಟನ್ನು ಜಗತ್ತು ಒಪ್ಪಿದ್ದು ಅಲ್ಲಿಂದ. ನೆನಪಿಡಿ, ಅದಕ್ಕೆ ಸಿಟಿ ಸ್ಕ್ಯಾನ್ ಬೇಕಾಗಲಿಲ್ಲ, ಆ ಯಂತ್ರ ಆಗ ಹುಟ್ಟಿಯೇ ಇರಲಿಲ್ಲ. ‘ಈತ ಯಾಕೆ ಗುಣವಾಗುತ್ತಿಲ್ಲ, ಈತ ಎಲ್ಲಿಯವನು’ ಎಂಬ ಪ್ರಶ್ನೆ ಸಾಕಾಯಿತು.

ನಮ್ಮಲ್ಲಿ ಆ ಪ್ರಶ್ನೆ ಎದ್ದರೆ ಉತ್ತರ ಹುಡುಕುವುದು ಕಷ್ಟವೇನಲ್ಲ. ಕಲ್ನಾರಿನ ಪುಪ್ಪುಸರೋಗವನ್ನು ಗುರುತಿಸಲು ಅಮೆರಿಕದ ಎದೆರೋಗ ವೈದ್ಯರ ಸಂಘ 2004ರಲ್ಲಿ ಹೇಳಿದ ಕ್ರಮ ಬಹಳ ಸರಳ. ಪುಪ್ಪುಸದಲ್ಲಿ ಅದಕ್ಕೆ ಹೊಂದುವ ಬದಲಾವಣೆ ಚಿತ್ರದಲ್ಲೋ ತುಣುಕಿನಲ್ಲೋ ಕಾಣಬೇಕು. ಕಲ್ನಾರು ಕುಡಿದದ್ದಕ್ಕೆ ಆಧಾರ ಇರಬೇಕು, ಕೆಲಸದ ಚರಿತ್ರೆಯೂ ಆಧಾರವೇ. ಬೇರೆ ಕಾರಣಗಳನ್ನು ತಳ್ಳಿಹಾಕಿರಬೇಕು. ಇಷ್ಟರಲ್ಲಿ ಎಷ್ಟು ಭಾಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ ನೋಡಿ. ಬೆನ್ನಿನ ಕೆಳಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟು ಉಸಿರೆಳೆದುಕೊಳ್ಳಲು ಹೇಳಿದರೆ, ಉಸಿರು ತುಂಬುವ ಕೊನೆಯಲ್ಲಿ ಸಣ್ಣಗೆ ಚರಚರ ಸದ್ದು ಬರುತ್ತದೆ, ದಾವಣಗೆರೆ ಮಂಡಕ್ಕಿಯನ್ನು ಅಂಗೈಯಲ್ಲಿ ಒತ್ತಿದ ಹಾಗೆ. ಕೆಮ್ಮಿದರೂ ಆ ಸದ್ದು ಹೋಗುವುದಿಲ್ಲ. ಕೆಲವರಿಗೆ ಬೆರಳ ತುದಿ ಉಬ್ಬಿ ಉಗುರು ಬಾಗಿರುತ್ತದೆ. ಎಕ್ಸ್‌ರೇಯಲ್ಲಿ ಕ್ಷಯದ ಕಲೆ ಸಾಮಾನ್ಯವಾಗಿ ಪುಪ್ಪುಸದ ಮೇಲ್ಭಾಗದಲ್ಲಿ ಕಂಡರೆ, ಕಲ್ನಾರಿನ ಕಲೆ ಎರಡೂ ಬದಿಯ ತಳದಲ್ಲಿ ಎಳೆಎಳೆಯಾಗಿ ಕಾಣುತ್ತದೆ. ಪೊರೆಯ ಮೇಲೆ ಸುಣ್ಣಗಟ್ಟಿದ ಚಕ್ಕೆಗಳಿದ್ದರಂತೂ ಅದು ಕಲ್ನಾರು ಬರೆದಿಟ್ಟುಹೋದ ರುಜು. ಎರಡೂ ಬದಿ ಅಂಥ ಚಕ್ಕೆ ಕಾಣುವುದಕ್ಕೆ ಬೇರೆ ಕಾರಣ ಅಪರೂಪ, ಬೀಡಿಯಿಂದ ಅದು ಬರುವುದೇ ಇಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ದೂಳಿನ ಪುಪ್ಪುಸದ ಎಕ್ಸ್‌ರೇ ಓದಲೆಂದೇ ಮಾದರಿ ಚಿತ್ರಗಳನ್ನೂ ಹನ್ನೆರಡು ಮೆಟ್ಟಿಲಿನ ಅಳತೆಯನ್ನೂ ಕೊಟ್ಟಿದೆ. ನಮ್ಮ ಜಿಲ್ಲೆಯಲ್ಲಿ ಅರವತ್ತು ವರ್ಷ ಹಳೆಯ ವೈದ್ಯಕೀಯ ಕಾಲೇಜಿದೆ, ಚಿಗಟೇರಿ ಆಸ್ಪತ್ರೆಯಿದೆ. ಬೆಂಗಳೂರಿನ ಹೊರಗೆ ದೇವನಹಳ್ಳಿ ಕಡೆ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಓದಬಲ್ಲವರು ಇಲ್ಲದ ನಾಡಲ್ಲ ಇದು.

ಇಲ್ಲೇ ಇನ್ನೊಂದು ಹಟ ಎದುರಾಗುತ್ತದೆ. ‘ಎಕ್ಸ್‌ರೇ ಚೆನ್ನಾಗೇ ಇದೆ, ಏನೂ ಇಲ್ಲ.’ ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಬಗ್ಗೆ 1987ರಲ್ಲಿ ಬಂದ ಅಧ್ಯಯನವೊಂದು ಈ ಹಟಕ್ಕೆ ಸಾಕು. ಪುಪ್ಪುಸದ ಕ್ಯಾನ್ಸರಿಗೆ ಬಲಿಯಾದ 138 ಜನರ ಪುಪ್ಪುಸದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಲ್ಲರಲ್ಲೂ ಕಲೆ ಇತ್ತು. ಆದರೆ ಅವರಲ್ಲಿ 25 ಜನರ ಎಕ್ಸ್‌ರೇಯಲ್ಲಿ ಆ ಕಲೆಯ ಸುಳಿವೇ ಇರಲಿಲ್ಲ. ದೂಳಿನ ಕೆಲಸ ಮಾಡಿದವನಿಗೆ ದಮ್ಮಿದ್ದು ಎಕ್ಸ್‌ರೇ ಸ್ವಚ್ಛವಾಗಿದ್ದರೆ ಅಲ್ಲಿಗೆ ಮುಗಿಸಬಾರದು, ಸಿಟಿ ಸ್ಕ್ಯಾನ್‌ಗೆ ಕಳಿಸಬೇಕು, ಪುಪ್ಪುಸದಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಸ್ಪೈರೋಮೆಟ್ರಿಯಲ್ಲಿ ಊದಿಸಿ ನೋಡಬೇಕು. ಸ್ಕ್ಯಾನ್ ಮಾಡುವಾಗ ಬೋರಲು ಮಲಗಿಸಿಯೂ ಚಿತ್ರ ತೆಗೆಯಬೇಕು, ಅಂಗಾತ ಮಲಗಿದಾಗ ಪುಪ್ಪುಸದ ಹಿಂಬದಿ ಒತ್ತಿಕೊಂಡು ಸುಳ್ಳು ನೆರಳು ಬೀಳುತ್ತದೆ. ಇಂಥ ಸಣ್ಣ ವಿಷಯವನ್ನು ಇಲ್ಲಿ ಬರೆಯಬೇಕೇ ಎಂದು ಯೋಚಿಸಿದೆ. ಬರೆಯಲೇಬೇಕು ಅನ್ನಿಸಿತು. ಬಡವನ ಮನೆಯವರು ಸಾಲ ಮಾಡಿ ಒಂದೇ ಸಲ ಸ್ಕ್ಯಾನ್ ಮಾಡಿಸುತ್ತಾರೆ, ಅದು ಸರಿಯಾಗಿ ಆಗಲಿ.

ಇದರ ನೇರ ವಿರುದ್ಧ ತುದಿಯಲ್ಲಿ ನಿಂತವರೂ ಇದ್ದಾರೆ. ಎಕ್ಸ್‌ರೇ ಸಾಲದು, ಸ್ಕ್ಯಾನ್ ಸಾಲದು, ಪುಪ್ಪುಸದೊಳಗಿನ ಕಲ್ನಾರನ್ನೇ ತೋರಿಸಿ, ಆಮೇಲೆ ಪರಿಹಾರದ ಮಾತು ಎನ್ನುತ್ತಾರೆ. ಕೇಳಲು ಬಹಳ ವೈಜ್ಞಾನಿಕವಾಗಿದೆ. ಆದರೆ ನಮ್ಮ ಶೀಟುಗಳಲ್ಲಿರುವುದು ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರು. ಅದು ಉಳಿದ ಬಗೆಗಳಿಗಿಂತ ಬೇಗ ಮುರಿದು ಪುಪ್ಪುಸದಿಂದ ಜಾರಿಹೋಗುತ್ತದೆ, ಮಾಡಿದ ಗಾಯ ಮಾತ್ರ ಉಳಿಯುತ್ತದೆ. ಹಾಗಾಗಿ ತುಣುಕಿನಲ್ಲಿ ಎಳೆ ಸಿಗಲಿಲ್ಲ ಎಂದ ಮಾತ್ರಕ್ಕೆ ಕಲ್ನಾರು ತಾಗಿಲ್ಲ ಎನ್ನುವಂತಿಲ್ಲ. ಈ ರೋಗಗಳನ್ನು ಗುರುತಿಸಲು ತಜ್ಞರು 1997ರಲ್ಲಿ ಹೆಲ್ಸಿಂಕಿಯಲ್ಲಿ ಸೇರಿ ಮಾಡಿದ ಒಪ್ಪಂದವೂ ಕೆಲಸದ ಚರಿತ್ರೆಗೆ ದೊಡ್ಡ ಬೆಲೆ ಕೊಟ್ಟದ್ದು ಸುಮ್ಮನೆ ಅಲ್ಲ. ಏದುಸಿರು ಬಿಡುವ ಅರವತ್ತರ ಮನುಷ್ಯನ ಎದೆ ಕೊಯ್ದು ಪುರಾವೆ ತೆಗೆ ಎನ್ನುವುದು ಅವನಿಂದ ಆಗದ ಕೆಲಸ ಹೇಳಿ ಬಾಗಿಲು ಹಾಕಿಕೊಂಡ ಹಾಗೆ.

ಬೀಡಿ. ಹೌದು, ನಮ್ಮ ಕೆಲಸಗಾರರಲ್ಲಿ ಬಹಳ ಜನ ಸೇದುತ್ತಾರೆ, ಬೀಡಿ ಪುಪ್ಪುಸವನ್ನು ತಿನ್ನುತ್ತದೆ. ಆದರೆ ಬೀಡಿ ಸೇದುತ್ತಾನೆ ಎಂಬುದು ಕಲ್ನಾರಿನ ಬಗ್ಗೆ ಕೇಳದಿರಲು ಕಾರಣವಲ್ಲ, ಇನ್ನೂ ಹೆಚ್ಚಾಗಿ ಕೇಳಲು ಕಾರಣ. ಹ್ಯಾಮಂಡ್, ಸೆಲಿಕಾಫ್ ಮತ್ತು ಸೈಡ್‌ಮನ್ 1979ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಮೈ ಜುಮ್ಮೆನಿಸುತ್ತದೆ. ಎರಡರ ಗೊಡವೆಗೂ ಹೋಗದವನಿಗೆ ಹೋಲಿಸಿದರೆ, ಕಲ್ನಾರು ಮಾತ್ರ ತಾಗಿದವನಿಗೆ ಪುಪ್ಪುಸದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಸೇದಿದವನಿಗೆ ಸುಮಾರು 11 ಪಟ್ಟು, ಎರಡೂ ಇದ್ದವನಿಗೆ ಸುಮಾರು 53 ಪಟ್ಟು. ಐದೂ ಹನ್ನೊಂದೂ ಕೂಡಿಕೊಂಡಿಲ್ಲ, ಗುಣಿಸಿಕೊಂಡಿವೆ. ಶೀಟು ಕೊಯ್ಯುವವನಿಗೆ ‘ಬೀಡಿ ಬಿಡಪ್ಪ’ ಎಂದು ಹೇಳುವ ವೈದ್ಯರು ಈ ಲೆಕ್ಕವನ್ನೂ ಹೇಳಿದರೆ ಅವನು ಬಿಟ್ಟಾನು. ಎಲ್ಲರಿಗೂ ಹೇಳುವ ಬುದ್ಧಿಮಾತನ್ನೇ ಅವನಿಗೂ ಹೇಳಿ ಕಳಿಸಿದರೆ ಯಾಕೆ ಬಿಡುತ್ತಾನೆ?

ಬಿಳಿ ಕಲ್ನಾರು ನಿರಪಾಯ, ಸಿಮೆಂಟಿನಲ್ಲಿ ಬಿಗಿದುಕೊಂಡಿದೆ ಎಂಬ ವಾದಕ್ಕೆ ಹೆಚ್ಚು ಹೊತ್ತು ಕೊಡುವ ಅಗತ್ಯ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳಿಯದನ್ನೂ ಸೇರಿಸಿ ಎಲ್ಲ ಬಗೆಯ ಕಲ್ನಾರೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಮೊದಲ ಗುಂಪಿಗೆ ಹಾಕಿ ಮುಗಿಸಿದೆ. ಐರೋಪ್ಯ ಒಕ್ಕೂಟ 2005ರಲ್ಲಿ ನಿಲ್ಲಿಸಿತು, ಲೋಕಕ್ಕೆಲ್ಲ ಮಾರುತ್ತಿದ್ದ ಕೆನಡಾ 2018ರಲ್ಲಿ ನಿಲ್ಲಿಸಿತು, ಅಮೆರಿಕ 2024ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ನಾವು ನಮ್ಮ ನೆಲದ ಗಣಿಗಳಿಗೆ ಗುತ್ತಿಗೆ ನಿಲ್ಲಿಸಿ, ರಷ್ಯಾದಿಂದ ಕಜಕಸ್ತಾನದಿಂದ ತರಿಸಿ ಶೀಟು ಮಾಡುತ್ತಿದ್ದೇವೆ. ಒಂದು ಮಾತು ಮಾತ್ರ ಸ್ಪಷ್ಟಪಡಿಸುತ್ತೇನೆ. ಒಡೆಯದ, ಕೊಯ್ಯದ ಶೀಟಿನ ಕೆಳಗೆ ಮಲಗುವವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ತಾಂಡಾಗಳಲ್ಲಿ, ಜನತಾ ಮನೆಗಳಲ್ಲಿ ಆ ಸೂರು ಬಿಟ್ಟರೆ ಬೇರೆ ಇಲ್ಲದವರು ಸಾವಿರಾರು ಜನ ಇದ್ದಾರೆ. ಅಪಾಯ ಇರುವುದು ಕೊಯ್ಯುವಲ್ಲಿ, ತೂತು ಕೊರೆಯುವಲ್ಲಿ, ಮುಂಗಾರಿನ ಮೊದಲ ಗಾಳಿಗೆ ಹಾರಿ ಚೂರಾದ ಶೀಟನ್ನು ಸುತ್ತಿಗೆಯಲ್ಲಿ ಪುಡಿ ಮಾಡಿ ರಸ್ತೆಯ ಗುಂಡಿಗೆ ತುಂಬುವಲ್ಲಿ. ಸಿಮೆಂಟು ಬಿಗಿದಿಟ್ಟ ಎಳೆಯನ್ನು ಕಟಿಂಗ್ ಮಷಿನ್ ಬಿಚ್ಚಿ ಬಿಡುತ್ತದೆ, ಅಷ್ಟೇ ವಿಷಯ. ಶೀಟಿನವರಷ್ಟೇ ಅಲ್ಲ, ಹಳೆಯ ಬಾಯ್ಲರಿನ ಹಬೆ ಕೊಳವೆಗೆ ಸುತ್ತಿದ ಕಲ್ನಾರಿನ ಹಗ್ಗ ಬಿಚ್ಚಿದವರು, ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ಮಿನ ದೂಳಿಗೆ ಗಾಳಿ ಹೊಡೆದ ಹುಡುಗರು, ಇವರೂ ಇದೇ ಸಾಲಿನವರು.

ವೈದ್ಯರೊಬ್ಬರು ನನಗೆ ಬೇಸರದಿಂದಲೇ ಹೇಳಿದ ಮಾತು ಇದು: ‘ಪತ್ತೆ ಹಚ್ಚಿ ಏನು ಮಾಡೋದು? ಔಷಧಿ ಇಲ್ವಲ್ಲ.’ ಈ ಮಾತನ್ನು ಹೇಳುವವರು ಕೆಟ್ಟವರಲ್ಲ, ದಿನಕ್ಕೆ ನೂರು ರೋಗಿ ನೋಡಿ ಸೋತವರು. ಆದರೂ ಇದು ತಪ್ಪು ಮಾತು. ಗಡುಸಾದ ಪುಪ್ಪುಸವನ್ನು ಮೆದು ಮಾಡುವ ಔಷಧಿ ಇಲ್ಲ, ನಿಜ. ಆದರೆ ಹೆಸರು ಗೊತ್ತಾದ ದಿನವೇ ಆತನನ್ನು ದೂಳಿನಿಂದ ಬಿಡಿಸಬಹುದು. ಬೇಡದ ಟಿಬಿ ಮಾತ್ರೆಯಿಂದ ಪಿತ್ತಜನಕಾಂಗ ಕೆಡುವುದನ್ನು ತಪ್ಪಿಸಬಹುದು. ಬೀಡಿ ಬಿಡಿಸಲು ಬಲವಾದ ಕಾರಣ ಸಿಗುತ್ತದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಬಹುದು, ಯಾಕೆಂದರೆ ಅರ್ಧ ಪುಪ್ಪುಸದಲ್ಲಿ ಬದುಕುವವನಿಗೆ ಒಂದು ನ್ಯುಮೋನಿಯಾ ಸಾಕು. ಆಮ್ಲಜನಕ ಬೇಕಾದಾಗ ಕೊಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಅದೇ ಮಾಡಿನ ಮೇಲೆ ಅವನ ಪಕ್ಕದಲ್ಲಿ ಕೂತು ಇವತ್ತೂ ಶೀಟು ಕೊಯ್ಯುತ್ತಿರುವ ಇಪ್ಪತ್ತರ ಹುಡುಗನಿಗೆ ಅದು ಎಚ್ಚರಿಕೆ. ಮುಖವಾಡ ಹಾಕು, ನೀರು ಚಿಮುಕಿಸಿ ಕೈಗರಗಸದಲ್ಲಿ ಕೊಯ್ಯಿ, ಅಂಗಿಯನ್ನು ಮನೆಗೆ ಹೊತ್ತೊಯ್ಯಬೇಡ ಎಂದು ಹೇಳಲು ಒಬ್ಬನ ರೋಗ ಪತ್ತೆಯಾಗಿರಬೇಕು. ಮಾವನ ಚೀಟಿಯಲ್ಲಿ ‘ಟಿಬಿ’ ಎಂದು ಬರೆದದ್ದು ಅವರೊಬ್ಬರಿಗೆ ಮಾಡಿದ ಅನ್ಯಾಯ ಅಲ್ಲ. ಅವರ ತಂಡದ ಏಳು ಜನರಿಗೂ ಅದರಿಂದ ಏನೂ ತಿಳಿಯಲಿಲ್ಲ.

ಕಾನೂನು ಇದನ್ನು ವೈದ್ಯರ ಮರ್ಜಿಗೂ ಬಿಟ್ಟಿಲ್ಲ. 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಂ ಪ್ರಕಾರ, ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಥವಾ ಮಾಡಿದ್ದ ವ್ಯಕ್ತಿಗೆ ಕಲ್ನಾರಿನ ರೋಗ ಇದೆಯೆಂದು ಕಂಡರೆ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ಬರೆದು ತಿಳಿಸಬೇಕಿತ್ತು. ತಿಳಿಸದಿದ್ದರೆ ಸಾವಿರ ರೂಪಾಯಿವರೆಗೆ ದಂಡವಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆಯೂ ಈ ರೋಗವನ್ನು ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಉಳಿಸಿಕೊಂಡಿದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರಿನ ಕೆಲಸಗಾರರ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು. ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದಿತು ಆ ತೀರ್ಪು. ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಅವನ ಆರೋಗ್ಯದ ದಾಖಲೆ ಕಾಪಾಡಬೇಕು ಎಂದಿತು. ರೋಗ ದೃಢಪಟ್ಟವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಎಂದಿತು. ನಲವತ್ತು ವರ್ಷ ಯಾಕೆ? ಈ ರೋಗ ನಿಧಾನವಾಗಿ ಬರುತ್ತದೆ ಎಂದು ನ್ಯಾಯಾಲಯಕ್ಕೆ ಅರ್ಥವಾಗಿತ್ತು. ಆದರೆ ಅದರ ಕಣ್ಣ ಮುಂದಿದ್ದದ್ದು ಕಾರ್ಖಾನೆ. ಕಾರ್ಖಾನೆಯಿಂದ ಹೊರಟ ಶೀಟು ಲಾರಿ ಹತ್ತಿ ಕತ್ತಲಗೆರೆಗೆ ಬಂದಿಳಿದ ಮೇಲೆ ಅದನ್ನು ಹೊತ್ತು, ಕೊಯ್ದು, ಕೊರೆದು, ಹುಕ್ ಬೋಲ್ಟ್ ಹಾಕಿ ಬಿಗಿಯುವವನ ಹೆಸರು ಯಾರ ದಫ್ತರದಲ್ಲೂ ಇಲ್ಲ.

ಅವನ ಹೆಸರು ಸಿಗುವುದು ಅವನ ಬಾಯಿಂದಲೇ. ಇಟಲಿಯ ರಾಮಜ್ಜೀನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಗ್ರಂಥ ಬರೆದಾಗ, ಹಳೆಯ ವೈದ್ಯರು ರೋಗಿಗೆ ಕೇಳುತ್ತಿದ್ದ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿ ಎಂದ. ನಿನ್ನ ಕಸುಬು ಯಾವುದು ಎಂಬುದೇ ಆ ಪ್ರಶ್ನೆ. ಮುನ್ನೂರು ವರ್ಷ ಕಳೆದಿದೆ. ನಮ್ಮಲ್ಲಿ ಆ ಪ್ರಶ್ನೆಗೆ ‘ಕೂಲಿ’ ಎಂದು ಉತ್ತರ ಬರುತ್ತದೆ, ಬರೆದುಕೊಳ್ಳುವವರು ತೃಪ್ತರಾಗುತ್ತಾರೆ. ಕೂಲಿ ಎಂಬುದು ಕಸುಬಲ್ಲ. ಕಸುಬಿಗೆ ಸಿಗುವ ದುಡ್ಡಿನ ಹೆಸರು ಅದು. ಜಗಳೂರಿನ ಒಬ್ಬ ಮನುಷ್ಯ ಬರಗಾಲದ ವರ್ಷ ಬೋರ್‌ವೆಲ್ ಲಾರಿಯ ಹಿಂದೆ ಹೋಗಿ ಕಲ್ಲಿನ ದೂಳು ಕುಡಿದಿರುತ್ತಾನೆ, ಆಮೇಲೆ ಎರಡು ವರ್ಷ ಜಲ್ಲಿ ಕ್ರಷರ್‌ನಲ್ಲಿರುತ್ತಾನೆ, ಆಮೇಲೆ ಬೆಂಗಳೂರಿಗೆ ಗುಳೆ ಹೋಗಿ ಗೋದಾಮುಗಳಿಗೆ ಶೀಟು ಹೊದಿಸಿರುತ್ತಾನೆ, ಊರಿಗೆ ಬಂದು ರೈಸ್‌ಮಿಲ್ಲಿನ ಹೊಟ್ಟಿನ ಬೂದಿ ಹೊತ್ತಿರುತ್ತಾನೆ. ಅವನ ಹೆಂಡತಿ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಹತ್ತು ವರ್ಷ ಕಳೆದಿರುತ್ತಾಳೆ. ಈ ಐದು ಕಸುಬಿಗೆ ಐದು ಬಗೆಯ ಪುಪ್ಪುಸ. ಎಲ್ಲವನ್ನೂ ‘ಕೂಲಿ’ ಎಂಬ ಒಂದು ಮೂಟೆಗೆ ಕಟ್ಟಿದರೆ ಯಾವ ತಜ್ಞ ಬಂದರೂ ಬಿಚ್ಚಲಾರ.

ಕೇಳುವ ಬಗೆ ಬೇರೆಯಾಗಬೇಕು. ನಮ್ಮ ಜನಕ್ಕೆ ಇಸವಿ ನೆನಪಿರುವುದಿಲ್ಲ, ಬದುಕು ನೆನಪಿರುತ್ತದೆ. ಮದುವೆಗೆ ಮುಂಚೆ ಏನು ಮಾಡ್ತಿದ್ರಿ? ದೊಡ್ಡ ಮಗಳು ಹುಟ್ಟಿದಾಗ ಎಲ್ಲಿದ್ರಿ? ಬರ ಬಿದ್ದ ವರ್ಷ ಎಲ್ಲಿಗೆ ಗುಳೆ ಹೋಗಿದ್ರಿ? ಅಲ್ಲಿ ಕೈಯಲ್ಲಿ ಏನು ಹಿಡಿದಿದ್ರಿ? ಸಂಜೆ ಬಟ್ಟೆ ಯಾವ ಬಣ್ಣ ಆಗ್ತಿತ್ತು? ಬಟ್ಟೆ ಯಾರು ಒಗೀತಿದ್ರು? ಇದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ವೈದ್ಯರಿಗಿಲ್ಲ ಎಂದರೆ ಒಪ್ಪುತ್ತೇನೆ, ಆದರೆ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಒಂದು ಹಾಳೆ ಕೊಟ್ಟರೆ ಆಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳಿ ಬರೆಯಬಲ್ಲಳು. ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇದೆ, ಅದನ್ನು ಪಡೆಯಲು ವರ್ಷದಲ್ಲಿ ತೊಂಬತ್ತು ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಮಗಳ ಮದುವೆಯ ಸಹಾಯಧನಕ್ಕೆ, ಮಗನ ವಿದ್ಯಾರ್ಥಿವೇತನಕ್ಕೆ ಆ ಕಾರ್ಡನ್ನು ಕೇಳುತ್ತಾರೆ. ಎದೆ ಪರೀಕ್ಷೆಯ ಕೋಣೆಯಲ್ಲಿ ಅದನ್ನು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಶೀಟು, ಕ್ರಷರ್, ಬೋರ್‌ವೆಲ್, ಕಲ್ಲು ಕೆತ್ತನೆ, ಮಿಲ್ಲು ಎಂದು ಆ ಕಾರ್ಡಿನಲ್ಲೇ ವರ್ಷವಾರು ಬರೆದು, ಮೂರು ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮತ್ತು ಊದುವ ಪರೀಕ್ಷೆ ಮಾಡಿಸಿದರೆ ಸಾಕು. ಮಂಡಳಿಯ ಹಣದಲ್ಲೇ ಆಗುವ ಕೆಲಸ, ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕಫದಲ್ಲಿ ರೋಗಾಣು ಸಿಗದ, ಔಷಧಿಗೆ ಮಣಿಯದ ಪ್ರತಿಯೊಬ್ಬ ‘ಟಿಬಿ’ ರೋಗಿಯ ಕೆಲಸದ ಚರಿತ್ರೆಯನ್ನು ಮತ್ತೆ ಕೂರಿಸಿ ಕೇಳಬೇಕೆಂದು ಜಿಲ್ಲಾ ಕ್ಷಯ ವಿಭಾಗ ಒಂದು ಆದೇಶ ಹೊರಡಿಸಲಿ. ಆಮೇಲೆ ‘ನಮ್ಮ ಕಡೆ ಇಲ್ಲ’ ಎಂದು ಹೇಳಲಿ, ನಾನು ತಲೆಬಾಗಿ ಕೇಳುತ್ತೇನೆ.

ಹೋದ ತಿಂಗಳು ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದೆ. ಅವರಿಗೂ ಈಗ ಮೆಟ್ಟಿಲು ಹತ್ತಿದರೆ ದಮ್ಮು. ಚೀಟಿ ಬರೆಯುವ ಹುಡುಗ ತಲೆ ಎತ್ತದೆ ಕೇಳಿದ, ‘ಅಜ್ಜಿ, ಕೆಲಸ ಏನು?’

‘ಮನೆ ಕೆಲಸಾನಪ್ಪ, ಇನ್ನೇನು.’

ನಾನು ಅಡ್ಡ ಬಾಯಿ ಹಾಕಿ, ‘ಬರ್ಕೊಳಪ್ಪ’ ಎಂದೆ. ‘ಇಪ್ಪತ್ತೆಂಟು ವರ್ಷ ಶೀಟು ಕೊಯ್ಯೋರ ಬಟ್ಟೆ ಕೊಡವಿ ಒಗೆದೋರು ಅಂತ ಬರಿ.’ ಹುಡುಗ ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದ. ಚೀಟಿಯಲ್ಲಿ ಅಷ್ಟು ಜಾಗ ಇರಲಿಲ್ಲ. ಚೀಟಿಯನ್ನು ತಿರುಗಿಸಿ ಹಿಂದಿನ ಖಾಲಿ ಬದಿಯನ್ನು ಅವನ ಮುಂದಿಟ್ಟೆ.